ದಾವಣಗೆರೆಯಲ್ಲಿ ಕಟ್ಟಿದ ಫೂಕೋ ಲೋಲಕ ತಪ್ಪು ದಿಕ್ಕಿಗೆ ತಿರುಗುತ್ತಿದೆ, ಕಾರಣ ತಿಳಿದವರು ದಯವಿಟ್ಟು ಹೇಳಿ

ಲೋಲಕ_ದಾವಣಗೆರೆ:
ಮಾನ್ಯರೇ, ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದಂದು ಭೂಮಿ ತನ್ನ ಸುತ್ತ ತಾನು ತಿರುಗುವುದನ್ನು ನಮ್ಮ ಶಾಲೆಯ ಮಕ್ಕಳಿಗೆ ಕಣ್ಣಾರೆ ತೋರಿಸಬೇಕೆಂಬ ಆಸೆಯಿಂದ ಫೂಕೋ ಲೋಲಕವೊಂದನ್ನು ಕಟ್ಟಿದ್ದೇನೆ. ಗುಂಡೆಸೆತಕ್ಕೆ ಬಳಸುವ 7.26 ಕಿಲೋ ಕಬ್ಬಿಣದ ಗುಂಡಿಗೆ ತೂತು ಕೊರೆಸಿ, ಉಕ್ಕಿನ ತಂತಿ ಹಾಕಿಸಿ, ಕೆಳಗೆ ನೆಲದ ಮೇಲೆ ಡಿಗ್ರಿ ಗುರುತು ಮಾಡಿದ ಬಿಳಿ ಹಲಗೆಯನ್ನು ಇಟ್ಟಿದ್ದೇನೆ. ಒಂದು ಪೂರ್ಣ ತೂಗಾಟಕ್ಕೆ 4.3 ಸೆಕೆಂಡು ಹಿಡಿಯುತ್ತದೆ.

ಉತ್ತರಾರ್ಧಗೋಳದಲ್ಲಿ ತೂಗಾಟದ ಗೆರೆಯು ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳು ಚಲಿಸುವ ದಿಕ್ಕಿಗೆ ನಿಧಾನವಾಗಿ ತಿರುಗಬೇಕು. ನನ್ನ ಲೋಲಕವು ಒಮ್ಮೆ ಅರ್ಧ ಗಂಟೆಯಲ್ಲಿ 20 ಡಿಗ್ರಿಯಷ್ಟು ವಿರುದ್ಧ ದಿಕ್ಕಿಗೆ ಹೋಗುತ್ತದೆ, ಇನ್ನೊಮ್ಮೆ ಅಷ್ಟೇ ವೇಗದಲ್ಲಿ ಸರಿಯಾದ ದಿಕ್ಕಿಗೆ ಹೋಗುತ್ತದೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಗುಂಡು ನೇರ ಗೆರೆಯನ್ನು ಬಿಟ್ಟು ಮೊಟ್ಟೆಯಾಕಾರದಲ್ಲಿ ಸುತ್ತತೊಡಗುತ್ತದೆ. ಎಲ್ಲವನ್ನೂ ಪುಸ್ತಕದಲ್ಲಿ ಹೇಳಿದಂತೆಯೇ ಜೋಡಿಸಿದ್ದೇನೆ. ಎಷ್ಟು ತಲೆ ಕೆಡಿಸಿಕೊಂಡರೂ ಕಾರಣ ಹೊಳೆಯುತ್ತಿಲ್ಲ, ದಿನ ಹತ್ತಿರ ಬರುತ್ತಿದೆ.

ಜೋಗಿಮಟ್ಟಿ_ಗಾಳಿ:
ಇದು ಖಂಡಿತವಾಗಿ ಗಾಳಿಯ ಕೆಲಸ. ನಾನು ಚಿತ್ರದುರ್ಗದವನು, ನಮ್ಮ ಬೆಟ್ಟಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಈ ಬಯಲುಸೀಮೆಯ ಗಾಳಿ ಸಣ್ಣ ಸಂದಿಯಲ್ಲೂ ನುಗ್ಗುತ್ತದೆ. ಕಿಟಕಿ, ಬಾಗಿಲು, ಫ್ಯಾನು ಎಲ್ಲವನ್ನೂ ಮುಚ್ಚಿ ನೋಡಿ.

ನಕ್ಷತ್ರ_ವೀಕ್ಷಕ:
ಮೊದಲು ನಿಮ್ಮ ನಿರೀಕ್ಷೆ ಏನೆಂಬುದನ್ನು ತಿಳಿಸಬೇಕಿತ್ತು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಆದ್ದರಿಂದ ಲೋಲಕವೂ ಗಂಟೆಗೆ 15 ಡಿಗ್ರಿ ತಿರುಗಬೇಕು. ನನ್ನ ಎಂಟು ಇಂಚಿನ ದೂರದರ್ಶಕದ ಸಮಭಾಜಕ ಪೀಠವು ಇದೇ ವೇಗದಲ್ಲಿ ತಿರುಗುತ್ತಾ, ಶನಿಗ್ರಹವನ್ನು ಇಡೀ ರಾತ್ರಿ ಕಣ್ಣುಮಸೂರದ ನಡುವೆಯೇ ಹಿಡಿದಿಡುತ್ತದೆ. ಪೀಠವನ್ನು ಧ್ರುವನಕ್ಷತ್ರದ ಕಡೆಗೆ ಹೊಂದಿಸಲು ಪ್ರತ್ಯೇಕ ಸಿಮೆಂಟ್ ಕಂಬವನ್ನೇ ಕಟ್ಟಿಸಿದ್ದೇನೆ. ಲೋಲಕಕ್ಕೂ ಅಷ್ಟೇ ಭದ್ರವಾದ ಬುನಾದಿ ಬೇಕು.

ತುಂಗಭದ್ರಾ_ತೀರ:
ಗಂಟೆಗೆ 15 ಡಿಗ್ರಿ ಎಂಬುದು ಧ್ರುವದಲ್ಲಿ ಮಾತ್ರ ನಿಜ. ಲೋಲಕದ ಕೆಳಗಿರುವ ನೆಲವು ಆ ಸ್ಥಳದ ಲಂಬರೇಖೆಯ ಸುತ್ತ ಎಷ್ಟು ತಿರುಗುತ್ತದೆಯೋ ಅಷ್ಟೇ ನಮಗೆ ಕಾಣುತ್ತದೆ. ಆ ಪಾಲನ್ನು ತಿಳಿಯಲು 15ನ್ನು ಅಕ್ಷಾಂಶದ ಸೈನ್ ಬೆಲೆಯಿಂದ ಗುಣಿಸಬೇಕು. ದಾವಣಗೆರೆಯ ಅಕ್ಷಾಂಶ ಸುಮಾರು 14.46 ಡಿಗ್ರಿ, ಅದರ ಸೈನ್ ಬೆಲೆ ಹೆಚ್ಚುಕಡಿಮೆ ಕಾಲು ಭಾಗ. ಹಾಗಾಗಿ ಇಲ್ಲಿ ಗಂಟೆಗೆ 3.7 ಡಿಗ್ರಿ, ಒಂದು ದಿನಕ್ಕೆ ಬಹುತೇಕ ಸರಿಯಾಗಿ 90 ಡಿಗ್ರಿ, ಪೂರ್ಣ ಸುತ್ತಿಗೆ ನಾಲ್ಕು ದಿನ. ಅಕ್ಷಾಂಶದ ಸೈನ್ ಇಷ್ಟು ಚೆನ್ನಾಗಿ ಕಾಲು ಭಾಗಕ್ಕೆ ಹೊಂದುವ ಊರು ನಮ್ಮದಾಗಿರುವುದನ್ನು ಮಕ್ಕಳಿಗೆ ಹೇಳಲೇಬೇಕು. ಮೊದಲ ದಿನ ಉತ್ತರ-ದಕ್ಷಿಣವಾಗಿ ತೂಗುವ ಲೋಲಕ ಮರುದಿನ ಅದೇ ಹೊತ್ತಿಗೆ ಪೂರ್ವ-ಪಶ್ಚಿಮವಾಗಿ ತೂಗುತ್ತಿರಬೇಕು. ದೆಹಲಿಯ ಹೊಸ ಸಂಸತ್ ಭವನದ ಲೋಲಕಕ್ಕೆ ಒಂದು ಸುತ್ತಿಗೆ ಸುಮಾರು 50 ಗಂಟೆ ಹಿಡಿಯುತ್ತದೆ, ಪ್ಯಾರಿಸ್‌ನಲ್ಲಿ ಸುಮಾರು 32 ಗಂಟೆ.

ಪ್ರಶ್ನಿಸಿದವರು ತಂತಿಯ ಉದ್ದವನ್ನು ಹೇಳಿಲ್ಲವಾದರೂ 4.3 ಸೆಕೆಂಡಿನಿಂದ ಲೆಕ್ಕ ಹಾಕಿದರೆ ಅದು ಸುಮಾರು 4.6 ಮೀಟರ್ ಇರಬೇಕು. ತಂತಿಯನ್ನು ಯಾವುದಕ್ಕೆ, ಹೇಗೆ ತೂಗುಹಾಕಿದ್ದೀರಿ ಮತ್ತು ಗುಂಡನ್ನು ಹೇಗೆ ಬಿಡುತ್ತೀರಿ ಎಂಬ ಎರಡು ಸಂಗತಿಗಳು ಇಲ್ಲದೆ ಮುಂದಿನ ಮಾತು ಸಾಧ್ಯವಿಲ್ಲ.

ನಕ್ಷತ್ರ_ವೀಕ್ಷಕ:
ಮೇಡಂ, ನ್ಯೂಟನ್ನನ ಮೊದಲ ನಿಯಮದ ಪ್ರಕಾರ ಪಕ್ಕಕ್ಕೆ ತಳ್ಳುವ ಬಲವಿಲ್ಲದಿದ್ದರೆ ಲೋಲಕದ ತೂಗಾಟದ ತಲವು ನಕ್ಷತ್ರಗಳ ಹಿನ್ನೆಲೆಯಲ್ಲಿ ಬದಲಾಗದೆ ಉಳಿಯಬೇಕು. ನಕ್ಷತ್ರಗಳು ಗಂಟೆಗೆ 15 ಡಿಗ್ರಿ ಸಾಗುವಾಗ ಲೋಲಕ ಮಾತ್ರ 3.7 ಡಿಗ್ರಿ ಸಾಗುವುದು ಹೇಗೆ?

ತುಂಗಭದ್ರಾ_ತೀರ:
ತೂಗಾಟದ ತಲದಲ್ಲಿ ಆಯಾ ಸ್ಥಳದ ಲಂಬರೇಖೆ ಯಾವಾಗಲೂ ಇರಲೇಬೇಕು, ಏಕೆಂದರೆ ಗುರುತ್ವವು ಗುಂಡನ್ನು ಆ ದಿಕ್ಕಿಗೇ ಎಳೆಯುತ್ತದೆ. ಧ್ರುವದಲ್ಲಿ ಆ ಲಂಬರೇಖೆ ಭೂಮಿಯ ಅಕ್ಷವೇ ಆಗಿರುವುದರಿಂದ ನಕ್ಷತ್ರಗಳಿಗೆ ಹೋಲಿಸಿದರೆ ಅದು ಅಲುಗುವುದಿಲ್ಲ. ದಾವಣಗೆರೆಯ ಲಂಬರೇಖೆಯಾದರೋ ದಿನವಿಡೀ ಆಕಾಶದಲ್ಲಿ ಸುತ್ತು ಹಾಕುತ್ತದೆ, ತೂಗಾಟದ ತಲವೂ ಅದರ ಜೊತೆಗೆ ಸಾಗಲೇಬೇಕು. ಸಮಭಾಜಕದ ಮೇಲೆ ನಿಂತು ಯೋಚಿಸಿದರೆ ಸ್ಪಷ್ಟವಾಗುತ್ತದೆ: ಅಲ್ಲಿ ನೆಲವು ಲಂಬರೇಖೆಯ ಸುತ್ತ ತಿರುಗುವುದೇ ಇಲ್ಲ, ಲೋಲಕದ ಗೆರೆಯೂ ತಿರುಗುವುದಿಲ್ಲ. ಈ ವಿಷಯ ದೊಡ್ಡದು, ಇದಕ್ಕೆ ಬೇರೆ ಎಳೆಯನ್ನು ಆರಂಭಿಸಿದರೆ ಅಲ್ಲಿ ಬರೆಯುತ್ತೇನೆ.

ಲೋಲಕ_ದಾವಣಗೆರೆ:
ಬಾಗಿಲು, ಕಿಟಕಿ ಎಲ್ಲವನ್ನೂ ಮುಚ್ಚಿ ನೋಡಿದೆ, ಬದಲಾವಣೆ ಕಾಣಲಿಲ್ಲ. ಗಂಟೆಗೆ 3.7 ಡಿಗ್ರಿ ಎಂಬುದು ನನಗೂ ತಿಳಿದಿತ್ತು. ನನ್ನ ತೊಂದರೆ ಇರುವುದು ಅದಕ್ಕಿಂತ ಹತ್ತು ಪಟ್ಟು ವೇಗದಲ್ಲಿ, ಅದೂ ಎರಡು ದಿಕ್ಕಿಗೂ ತಿರುಗುತ್ತಿರುವುದರಲ್ಲಿ.

ಜೋಗಿಮಟ್ಟಿ_ಗಾಳಿ:
ಬಾಗಿಲಿನ ಕೆಳಗಿನ ಸಂದಿಗೆ ಗೋಣಿಚೀಲ ಹೊದಿಸಿದಿರಾ? ಮಧ್ಯಾಹ್ನದ ಬಿಸಿಲಿಗೆ ಚಾವಣಿ ಕಾದಾಗ ಒಳಗಿನ ಗಾಳಿಯೇ ಮೇಲಕ್ಕೂ ಕೆಳಕ್ಕೂ ಸುತ್ತುತ್ತದೆ. ಗುಂಡಿನ ಸುತ್ತ ಊದುಬತ್ತಿ ಹಚ್ಚಿಟ್ಟು ಹೊಗೆ ಯಾವ ಕಡೆಗೆ ಬಾಗುತ್ತದೆಂದು ಗಮನಿಸಿ. ಸುತ್ತಲೂ ಪ್ಲಾಸ್ಟಿಕ್ ಹಾಳೆಯ ಪರದೆ ಕಟ್ಟಿದರೆ ಇನ್ನೂ ಒಳ್ಳೆಯದು.

ಹರಿಹರ_ಲೇತ್:
ಗಾಳಿಯ ವಿಚಾರ ಆಮೇಲೆ ನೋಡೋಣ. ಗುಂಡಿಗೆ ಕೊರೆಸಿದ ತೂತು ಸರಿಯಾಗಿ ನಡುವಿನಲ್ಲಿ ಇದೆಯೇ? ಗುಂಡನ್ನು ಚಕ್ಕಿಗೆ, ಅಂದರೆ ದವಡೆಗಳಿಂದ ಬಿಗಿಯಾಗಿ ಹಿಡಿಯುವ ಭಾಗಕ್ಕೆ, ಕಚ್ಚಿಸದೆ ಕೈಯಲ್ಲಿ ಹಿಡಿದು ಕೊರೆದರೆ ಡ್ರಿಲ್ ಪಕ್ಕಕ್ಕೆ ಜಾರುತ್ತದೆ. ತೂತು ವಾಲಿದ್ದರೆ ಗುಂಡು ವಾಲಿಕೊಂಡೇ ತೂಗುತ್ತದೆ. ನಾನಾಗಿದ್ದರೆ ಗುಂಡನ್ನು ಮೃದುವಾದ ದವಡೆಗಳಲ್ಲಿ ಹಿಡಿದು, ಡಯಲ್ ಗೇಜ್ ಇಟ್ಟು, ನೂರನೇ ಒಂದು ಮಿಲಿಮೀಟರಿನ ಒಳಗೆ ನಡು ಹಿಡಿಸಿ ಕೊರೆಯುತ್ತಿದ್ದೆ. ನನ್ನ ಹಳೆಯ ಲೇತ್ ಇಂದಿಗೂ ಅಷ್ಟು ನಿಖರವಾಗಿ ಕೆಲಸ ಮಾಡುತ್ತದೆ.

ಲೋಲಕ_ದಾವಣಗೆರೆ:
ತೂತು ನಡುವಿನಲ್ಲೇ ಇದೆ, ಗುಂಡು ತೂಗುಹಾಕಿದಾಗ ವಾಲುವುದಿಲ್ಲ. ಲೋಲಕವನ್ನು ಕಟ್ಟಿರುವುದು ಹಳೆಯ ಅಕ್ಕಿ ಗಿರಣಿಯ ಗೋದಾಮಿನಲ್ಲಿ. ಚಾವಣಿಯ ತಗಡನ್ನು ಹೊತ್ತ ಕಬ್ಬಿಣದ ಆಂಗಲ್‌ಗೆ ಕೊಕ್ಕೆಯೊಂದನ್ನು ಹಾಕಿ, ತಂತಿಯ ತುದಿಯಲ್ಲಿ ಬಳೆ ಮಾಡಿ ಆ ಕೊಕ್ಕೆಗೆ ಸಿಕ್ಕಿಸಿದ್ದೇನೆ. ಗುಂಡನ್ನು ನಡುಬಿಂದುವಿನಿಂದ 40 ಸೆಂಟಿಮೀಟರ್ ಎಳೆದು, ಅಲುಗದಂತೆ ಹಿಡಿದು, ಕೈಯಿಂದ ಮೆಲ್ಲನೆ ಬಿಡುತ್ತೇನೆ.

ತುಂಗಭದ್ರಾ_ತೀರ:
ಈಗ ವಿಷಯ ತಿಳಿಯಾಯಿತು. ನಾವು ಅಳೆಯಲು ಹೊರಟ ಪರಿಣಾಮ ಎಷ್ಟು ಸಣ್ಣದೆಂಬುದನ್ನು ಮೊದಲು ನೋಡಬೇಕು. ನಿಮ್ಮ ಗುಂಡು ನಡುಬಿಂದುವನ್ನು ದಾಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 58 ಸೆಂಟಿಮೀಟರ್. ಆ ಕ್ಷಣದಲ್ಲಿ ಭೂಮಿಯ ತಿರುಗುವಿಕೆಯಿಂದ ಅದರ ಮೇಲೆ ಪಕ್ಕಕ್ಕೆ ಬೀಳುವ ಕೊರಿಯೋಲಿಸ್ ಬಲವು 16 ಮಿಲಿಗ್ರಾಂ ತೂಕಕ್ಕೆ ಸಮ. ಏಳು ಕಿಲೋ ದಾಟಿದ ಗುಂಡನ್ನು ಒಂದು ಅಕ್ಕಿಕಾಳಿನ ತೂಕದಷ್ಟು ಬಲ ಪಕ್ಕಕ್ಕೆ ಸರಿಸುತ್ತಿದೆ. ಬೇರೆ ಯಾವ ಸಣ್ಣ ಅಸಮತೆಯೂ ಇದನ್ನು ಸುಲಭವಾಗಿ ಮುಳುಗಿಸಿಬಿಡುತ್ತದೆ.

ನಿಮ್ಮಲ್ಲಿ ಅಂಥ ಅಸಮತೆಗಳು ಎರಡಿವೆ. ಕೊಕ್ಕೆಗೆ ಬಳೆ ಸಿಕ್ಕಿಸಿದಾಗ ಲೋಲಕವು ಒಂದು ದಿಕ್ಕಿಗೆ ತೂಗುವಾಗ ಒಂದು ಬಿಂದುವಿನಿಂದಲೂ ಅದಕ್ಕೆ ಅಡ್ಡ ದಿಕ್ಕಿಗೆ ತೂಗುವಾಗ ತುಸು ಮೇಲಿನ ಅಥವಾ ಕೆಳಗಿನ ಬಿಂದುವಿನಿಂದಲೂ ತೂಗುತ್ತದೆ, ಅಂದರೆ ಎರಡು ದಿಕ್ಕಿಗೆ ಎರಡು ಉದ್ದ. ಎರಡನೆಯದಾಗಿ, ಆಂಗಲ್ ತನ್ನ ಉದ್ದಕ್ಕೆ ಗಟ್ಟಿಯಾಗಿದ್ದರೂ ಅಡ್ಡಕ್ಕೆ ಬಾಗುತ್ತದೆ, ಬಾಗುವ ಆಸರೆಯು ಲೋಲಕವನ್ನು ಆ ದಿಕ್ಕಿನಲ್ಲಿ ಉದ್ದವಾದಂತೆ ಮಾಡುತ್ತದೆ. ಆಸರೆಯು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಅಲುಗಿದರೂ ಲೋಲಕದ ಉದ್ದ ಒಂದು ಮಿಲಿಮೀಟರ್ ಹೆಚ್ಚಾದಷ್ಟು ಪರಿಣಾಮವಾಗುತ್ತದೆ. ಒಂದು ಮಿಲಿಮೀಟರ್ ವ್ಯತ್ಯಾಸವಿರುವಾಗ ಎರಡು ದಿಕ್ಕುಗಳ ನಡುವೆ ಓರೆಯಾಗಿ ಗುಂಡನ್ನು ಬಿಟ್ಟರೆ ಅರ್ಧ ಗಂಟೆಯೊಳಗೆ ನೇರ ಗೆರೆಯು ಸುಮಾರು 5 ಸೆಂಟಿಮೀಟರ್ ಅರೆಯಗಲದ ದೀರ್ಘವೃತ್ತವಾಗುತ್ತದೆ.

ದೀರ್ಘವೃತ್ತವಾದ ಮೇಲೆ ಇನ್ನೊಂದು ತೊಡಕು ಸೇರುತ್ತದೆ. ಯಾವ ಲೋಲಕವೇ ಆಗಲಿ, ದೀರ್ಘವೃತ್ತದಲ್ಲಿ ಸುತ್ತಿದರೆ ಆ ದೀರ್ಘವೃತ್ತವೇ ಗುಂಡು ಸುತ್ತುವ ದಿಕ್ಕಿಗೆ ತಿರುಗತೊಡಗುತ್ತದೆ. ಇದಕ್ಕೂ ಭೂಮಿಯ ತಿರುಗುವಿಕೆಗೂ ಸಂಬಂಧವಿಲ್ಲ. ನಿಮ್ಮ ಉದ್ದಕ್ಕೆ ಮತ್ತು 40 ಸೆಂಟಿಮೀಟರ್ ತೂಗಾಟಕ್ಕೆ ಲೆಕ್ಕ ಮಾಡಿದಾಗ ಅರೆಯಗಲ ಒಂದೇ ಸೆಂಟಿಮೀಟರ್ ಇದ್ದರೂ ಗಂಟೆಗೆ 21 ಡಿಗ್ರಿ ಬರುತ್ತದೆ. ಎರಡು ಮಿಲಿಮೀಟರ್ ಅರೆಯಗಲವೇ ನಮ್ಮ 3.7 ಡಿಗ್ರಿಯನ್ನು ನುಂಗಿಹಾಕಲು ಸಾಕು. 1851ರಲ್ಲಿ ಲಿಯಾನ್ ಫೂಕೋ ಪ್ಯಾರಿಸ್‌ನ ಪಾಂಥಿಯಾನ್‌ನಲ್ಲಿ 28 ಕಿಲೋ ಗುಂಡನ್ನು 67 ಮೀಟರ್ ತಂತಿಗೆ ಕಟ್ಟಿ ತೋರಿಸಿದ್ದರಲ್ಲಿ ಈ ಅನುಕೂಲವೂ ಅಡಗಿದೆ, ಏಕೆಂದರೆ ಉದ್ದ ಹೆಚ್ಚಿದಂತೆ ಈ ಕೆಡುಕು ಬಹಳ ಬೇಗ ಕುಗ್ಗುತ್ತದೆ.

ನೀವು ಒಂದು ಪರೀಕ್ಷೆ ಮಾಡಿ. ಗುಂಡನ್ನು ಆಂಗಲ್‌ನ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ, ಆಮೇಲೆ ಎರಡೂ ಕಡೆಯ ಓರೆಗಳಿಗೆ ಒಮ್ಮೊಮ್ಮೆ ಬಿಟ್ಟು ನೋಡಿ. ಉದ್ದಕ್ಕೂ ಅಡ್ಡಕ್ಕೂ ಗೆರೆ ತೆಳುವಾಗಿಯೇ ಉಳಿದು, ಎರಡು ಓರೆಗಳಲ್ಲಿ ಅದು ವಿರುದ್ಧ ದಿಕ್ಕುಗಳಿಗೆ ಉಬ್ಬಿದರೆ ದೋಷ ಆಸರೆಯಲ್ಲಿದೆ. ಗಾಳಿಯೇ ಕಾರಣವಾಗಿದ್ದರೆ ಇಂಥ ಕ್ರಮ ಕಾಣಿಸುವುದಿಲ್ಲ.

ಜೋಗಿಮಟ್ಟಿ_ಗಾಳಿ:
ಗೋದಾಮಿನಲ್ಲಿ ಗಾಳಿ ಒಂದೇ ದಿಕ್ಕಿನಿಂದ ಬಂದರೆ ಅದೂ ಕ್ರಮವಾಗಿಯೇ ತಳ್ಳುತ್ತದೆ. ಊದುಬತ್ತಿ ಪರೀಕ್ಷೆಯನ್ನು ಬಿಡಬೇಡಿ.

ತುಂಗಭದ್ರಾ_ತೀರ:
ಒಂದೇ ದಿಕ್ಕಿನ ಸ್ಥಿರವಾದ ಗಾಳಿಯು ತೂಗಾಟದ ನಡುಬಿಂದುವನ್ನು ಪಕ್ಕಕ್ಕೆ ಸರಿಸುತ್ತದೆ. ಅದರಿಂದಲೇ ಎರಡು ಓರೆಗಳಲ್ಲಿ ಎರಡು ಸುತ್ತುವ ದಿಕ್ಕು ಹುಟ್ಟುವುದಿಲ್ಲ.

ಲೋಲಕ_ದಾವಣಗೆರೆ:
ಪರೀಕ್ಷೆ ಮಾಡಿದೆ. ಆಂಗಲ್‌ನ ಉದ್ದಕ್ಕೆ ಬಿಟ್ಟಾಗ ಗೆರೆ ತೆಳುವಾಗಿಯೇ ಉಳಿಯಿತು, ಅಡ್ಡಕ್ಕೆ ಬಿಟ್ಟಾಗಲೂ ಹಾಗೆಯೇ. ಈಶಾನ್ಯದ ಓರೆಯಲ್ಲಿ ಗುಂಡು ಗಡಿಯಾರದ ದಿಕ್ಕಿಗೆ ಸುತ್ತತೊಡಗಿತು, ವಾಯವ್ಯದ ಓರೆಯಲ್ಲಿ ಅದಕ್ಕೆ ವಿರುದ್ಧವಾಗಿ. ಊದುಬತ್ತಿಯ ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಗೋದಾಮಿನ ಮುಂಭಾಗದಲ್ಲಿ ಕಾಂಕ್ರೀಟ್ ತೊಲೆಯೊಂದಿದೆ, ಎತ್ತರವೂ ಅಷ್ಟೇ ಇದೆ. ಅಲ್ಲಿಗೆ ಸ್ಥಳಾಂತರಿಸಿದರೆ ತಂತಿಯನ್ನು ಹಿಡಿಸುವುದು ಹೇಗೆ?

ಹರಿಹರ_ಲೇತ್:
ಕೊಕ್ಕೆ, ಬಳೆ ಎರಡನ್ನೂ ಬಿಡಿ. ಹಳೆಯ ಕೈ ಡ್ರಿಲ್ಲಿನ ಮೂರು ದವಡೆಯ ಚಕ್ಕನ್ನು ಬಿಚ್ಚಿ, ಹತ್ತು ಮಿಲಿಮೀಟರ್ ದಪ್ಪದ ಉಕ್ಕಿನ ತಟ್ಟೆಗೆ ತಲೆಕೆಳಗಾಗಿ ಕೂರಿಸಿ, ಆ ತಟ್ಟೆಯನ್ನು ನಾಲ್ಕು ಆಂಕರ್ ಬೋಲ್ಟ್‌ಗಳಿಂದ ತೊಲೆಯ ಅಡಿಗೆ ಬಿಗಿಯಿರಿ. ಚಕ್ಕಿನ ಬಾಯಿಯಲ್ಲಿ ತಂತಿಯನ್ನು ನೇರವಾಗಿ ಕಚ್ಚಿಸಿದರೆ ಎಲ್ಲ ದಿಕ್ಕಿಗೂ ಅದು ಹೆಚ್ಚುಕಡಿಮೆ ಒಂದೇ ಬಿಂದುವಿನಲ್ಲಿ ಬಾಗುತ್ತದೆ. ತಂತಿ ಒಂಟಿ ಎಳೆಯದಾಗಿರಬೇಕು. ಹುರಿ ಹೊಸೆದ ತಂತಿಯಾದರೆ ಅದು ಬಿಚ್ಚಿಕೊಳ್ಳುತ್ತಾ ಗುಂಡನ್ನೇ ಗಿರಗಿರನೆ ತಿರುಗಿಸುತ್ತದೆ. ಚಕ್ಕಿನ ಬಾಯಿಯ ಹತ್ತಿರ ತಂತಿಯಲ್ಲಿ ಸಣ್ಣ ಮಡಿಕೆ ಇದ್ದರೂ ಆ ತುಂಡನ್ನು ಕತ್ತರಿಸಿ ಬಿಸಾಡಿ.

ತುಂಗಭದ್ರಾ_ತೀರ:
ಚಕ್ಕಿನ ಸಲಹೆ ಅತ್ಯುತ್ತಮವಾದುದು. ಗುಂಡನ್ನು ಕೈಯಿಂದ ಬಿಡುವುದನ್ನೂ ನಿಲ್ಲಿಸಬೇಕು, ಏಕೆಂದರೆ ಬೆರಳು ಬಿಡಿಸಿಕೊಳ್ಳುವಾಗ ಪಕ್ಕಕ್ಕೆ ತಗಲುವ ಸಣ್ಣ ತಳ್ಳೇ ದೀರ್ಘವೃತ್ತಕ್ಕೆ ಬೀಜವಾಗುತ್ತದೆ. ಗುಂಡಿನ ಹೊಟ್ಟೆಯ ಸುತ್ತ ಹತ್ತಿ ನೂಲಿನ ಕುಣಿಕೆ ಹಾಕಿ, ನೂಲನ್ನು ಪಕ್ಕದ ಕಂಬಕ್ಕೆ ಕಟ್ಟಿ, ಗುಂಡು ಪೂರ್ತಿ ನಿಶ್ಚಲವಾದ ಮೇಲೆ ನೂಲನ್ನು ಬೆಂಕಿಕಡ್ಡಿಯಿಂದ ಸುಡಿ. ಫೂಕೋ ಮಾಡಿದ್ದೂ ಇದನ್ನೇ.

ಲೋಲಕ_ದಾವಣಗೆರೆ:
ತೊಲೆಗೆ ಬದಲಾಯಿಸಿದೆ, ಚಕ್ಕು ಹಾಕಿಸಿದೆ, ನೂಲು ಸುಟ್ಟು ಬಿಟ್ಟೆ. ಒಂದು ಗಂಟೆಯಲ್ಲಿ ಗೆರೆಯು ಗಡಿಯಾರದ ದಿಕ್ಕಿಗೆ ನಾಲ್ಕು ಡಿಗ್ರಿಗಿಂತ ತುಸು ಹೆಚ್ಚು ತಿರುಗಿತು. ಬೇರೆ ಓರೆಯಲ್ಲಿ ಬಿಟ್ಟಾಗಲೂ ಅದೇ ದಿಕ್ಕಿಗೆ ಸುಮಾರು ಮೂರು ಡಿಗ್ರಿ ಸಾಗಿತು. ಹಲಗೆಯ ಮೇಲೆ ಗುಂಡಿನ ಕೆಳಗಿನ ಸೂಜಿ ಮೊದಲ ಗೆರೆಯನ್ನು ಬಿಟ್ಟು ಪಕ್ಕದ ಗೆರೆಗೆ ಸರಿಯುವುದನ್ನು ನಿಂತು ನೋಡಿದಾಗ ಆದ ಸಂತೋಷವನ್ನು ಹೇಳಲಾರೆ. ಎರಡನೇ ಗಂಟೆಯ ಹೊತ್ತಿಗೆ ಮತ್ತೆ ತೆಳುವಾದ ದೀರ್ಘವೃತ್ತ ಕಾಣಿಸಿಕೊಳ್ಳುತ್ತದೆ. ಇದನ್ನು ತಡೆಯಲು ಉಪಾಯವಿದೆಯೇ?

ನಕ್ಷತ್ರ_ವೀಕ್ಷಕ:
ಅಭಿನಂದನೆಗಳು. ಸೈನ್ ಲೆಕ್ಕದ ಬಗ್ಗೆ ಬೇರೆ ಎಳೆಯನ್ನು ಆರಂಭಿಸಿದ್ದೇನೆ, ಲಂಬರೇಖೆ ಆಕಾಶದಲ್ಲಿ ಸುತ್ತುವ ಚಿತ್ರವನ್ನೂ ಅಲ್ಲಿ ಹಾಕಿದ್ದೇನೆ. ಮೇಡಂ ಬಂದು ನೋಡಬೇಕು.

ತುಂಗಭದ್ರಾ_ತೀರ:
ಉಪಾಯವಿದೆ, ಅದನ್ನು ಚಾರಾನ್ ಉಂಗುರ ಎನ್ನುತ್ತಾರೆ. ಚಕ್ಕಿನ ಬಾಯಿಯಿಂದ ತುಸು ಕೆಳಗೆ ತಂತಿಯ ಸುತ್ತ ಉಂಗುರವೊಂದನ್ನು ಭದ್ರವಾಗಿ ಕೂರಿಸಿದರೆ ಪ್ರತಿ ತೂಗಾಟದ ಕೊನೆಯಲ್ಲಿ ತಂತಿ ಅದಕ್ಕೆ ತಾಗುತ್ತದೆ. ಆಗ ಉಂಟಾಗುವ ಘರ್ಷಣೆಯು ಪಕ್ಕದ ಚಲನೆಯನ್ನು ತಿನ್ನುತ್ತದೆ, ತೂಗಾಟದ ದಿಕ್ಕನ್ನು ಕೆಡಿಸುವುದಿಲ್ಲ. ಚಕ್ಕಿನಿಂದ 20 ಸೆಂಟಿಮೀಟರ್ ಕೆಳಗೆ ಕೂರಿಸುವುದಾದರೆ, ಗುಂಡು 35 ಸೆಂಟಿಮೀಟರ್ ದೂರ ಹೋದಾಗ ತಂತಿ ಆ ಮಟ್ಟದಲ್ಲಿ ಸುಮಾರು 15 ಮಿಲಿಮೀಟರ್ ಸರಿದಿರುತ್ತದೆ. ಹಾಗಾಗಿ ಒಳವ್ಯಾಸ 30 ಮಿಲಿಮೀಟರ್ ಇರಲಿ.

ಹರಿಹರ_ಲೇತ್:
30 ಮಿಲಿಮೀಟರ್ ಎಂದರೆ 6206 ಸಂಖ್ಯೆಯ ಬೇರಿಂಗಿನ ಒಳಬಳೆ. ಗುಜರಿಯಲ್ಲಿ ಸಿಗುವ ಹಳೆಯ ಬೇರಿಂಗನ್ನು ಒಡೆದು ಒಳಬಳೆಯನ್ನು ಮಾತ್ರ ತೆಗೆದುಕೊಳ್ಳಿ. ಅದರ ಒಳಮೈ ಗ್ರೈಂಡ್ ಆಗಿರುವುದರಿಂದ ತಂತಿಯನ್ನು ಕೊರೆಯುವುದಿಲ್ಲ, ಅಂಚುಗಳೂ ಉರುಟಾಗಿರುತ್ತವೆ. ಬಳೆಯನ್ನು ಮೂರು ತಿರುಪುಗಳ ನಡುವೆ ಹಿಡಿಸಿ. ಗುಂಡು ನಿಶ್ಚಲವಾಗಿರುವಾಗ ತಂತಿ ಬಳೆಯ ಸರಿಯಾದ ನಡುವಿಗೆ ಬರುವಂತೆ ಆ ತಿರುಪುಗಳಿಂದ ಹೊಂದಿಸಿ, ಆಮೇಲೆ ಬಿಗಿಯಿರಿ.