ಬೋನಸ್ ಕೈಗೆ ಬಂದ ವಾರದಲ್ಲೇ 6 ಜನ ಬಿಟ್ಟೋದ್ರು, ಮ್ಯಾನೇಜರ್ ಆಗಿ ನಾನೇನ್ ಮಾಡ್ಲಿ?

ಪೀಣ್ಯ ಸೆಕೆಂಡ್ ಸ್ಟೇಜ್:
ಎಲ್ರಿಗೂ ನಮಸ್ಕಾರ. ಪೀಣ್ಯದಲ್ಲಿ ಸಣ್ಣ ಸಿಎನ್‌ಸಿ ಶಾಪು (ಕಂಪ್ಯೂಟರ್ ಕಂಟ್ರೋಲ್ ಮಿಷಿನಲ್ಲಿ ಲೋಹದ ಪಾರ್ಟ್ಸ್ ಮಾಡೋದು), ಒಟ್ಟು 40 ಜನ, ಎರಡು ಶಿಫ್ಟು. ನಾನೂ ಇಲ್ಲೇ ಆಪರೇಟರ್ ಆಗಿದ್ದೋನು, ಈಗ 8 ತಿಂಗ್ಳಿಂದ ಪ್ರೊಡಕ್ಷನ್ ಮ್ಯಾನೇಜರ್. ದೀಪಾವಳಿ ಬೋನಸ್ ಬಿದ್ದ ವಾರದಲ್ಲೇ 6 ಜನ ಬಿಟ್ರು. ಎಂಗೇಜ್‌ಮೆಂಟು, ಕಲ್ಚರು ಅಂತ ಓನರ್ ತಲೆಗೆ ಯಾರೋ ತುಂಬಿದಾರೆ, ಅದಕ್ಕೆ ಈಗ ಶನಿವಾರ ಶಿಫ್ಟ್ ಮುಗಿದ್ಮೇಲೆ ಕೇಕು, ಮ್ಯೂಸಿಕಲ್ ಚೇರು. ಹುಡುಗ್ರು ಕೇಕ್ ತಿಂತಾ ಗೇಟ್ ಕಡೆನೇ ನೋಡ್ತಿರ್ತಾರೆ, ಜಾಲಹಳ್ಳಿ ಕ್ರಾಸಲ್ಲಿ ಬಸ್ ಹೋಗ್ಬಿಡುತ್ತಲ್ಲ ಅಂತ. ಸಲಹೆ ಪೆಟ್ಟಿಗೆ ಇಟ್ವಿ, ತಿಂಗಳು ಬಿಟ್ಟು ಬೀಗ ತೆಗೆದ್ರೆ ಒಳಗೆ ಎರಡು ಬಸ್ ಟಿಕೆಟ್ಟು, ಒಂದು ಗುಟ್ಕಾ ಕವರ್ರು. ಸಂಬಳ ಏರ್ಸೋ ಅಧಿಕಾರ ನಂಗಿಲ್ಲ. ನನ್ ಕೈಲಿ ಆಗೋದು ಏನಾದ್ರೂ ಇದ್ಯಾ?

ನೈಟ್ ಶಿಫ್ಟ್ ಸೆಟ್ಟರ್:
ಅಣ್ಣ, ನಾನು ಹಳೇ ಶಾಪ್ ಬಿಟ್ಟಿದ್ದು ಯಾಕೆ ಅಂತ ಹೇಳ್ತೀನಿ, ದುಡ್ಡಿಗಲ್ಲ. ರಾತ್ರಿ 2 ಗಂಟೆಗೆ ಇನ್ಸರ್ಟ್, ಅಂದ್ರೆ ಲೋಹ ಕತ್ತರಿಸೋ ಟೂಲಿನ ತುದಿ, ಮುರೀತು ಅಂದ್ಕೊಳಿ, ಸ್ಟೋರ್‌ಗೆ ಬೀಗ, ಕೀ ಸ್ಟೋರ್ ಕೀಪರ್ ಮನೇಲಿ. ಹಳೇ ಇನ್ಸರ್ಟನ್ನೇ ಮೂಲೆ ತಿರುಗಿಸಿ ತಿರುಗಿಸಿ ಓಡ್ಸಿದ್ರೆ ಫಿನಿಶ್ ಬರಲ್ಲ, ರಿಜೆಕ್ಷನ್. ಓಡಿಸ್ದೆ ಕೂತ್ರೆ ಬೆಳಿಗ್ಗೆ ಎಲ್ಲರ ಮುಂದೆ 'ರಾತ್ರಿಯೆಲ್ಲ ನಿದ್ದೆ ಮಾಡಿದ್ಯಾ' ಅಂತ ಬೈಗುಳ. ಕೀ ಶಿಫ್ಟ್ ಇನ್‌ಚಾರ್ಜ್ ಹತ್ರ ಇರ್ಲಿ ಸಾರ್ ಅಂತ ಮೂರು ಸಲ ಕೇಳಿದೆ, ಮೂರು ಸಲನೂ 'ನೋಡೋಣ'. ಆಮೇಲೆ ಕೇಳೋದೇ ಬಿಟ್ಟೆ, ಅದಾದ್ ಎರಡು ತಿಂಗ್ಳಿಗೆ ಕೆಲಸನೂ ಬಿಟ್ಟೆ. ನಿಮ್ ಪೆಟ್ಟಿಗೆ ಖಾಲಿ ಇದೆ ಅಂದ್ರೆ ನಿಮ್ಮಲ್ಲೂ ಇಂಥ 'ನೋಡೋಣ' ಎಷ್ಟಾಗಿದೆಯೋ ಲೆಕ್ಕ ಹಾಕಿ.

ಗೋಕುಲ ರೋಡ್ ಹುಬ್ಬಳ್ಳಿ:
ಮೇಲಿನವ್ರು ಹೇಳಿದ್ದು ಖರೇ ಐತ್ರಿ. ಪೆಟ್ಟಿಗಿ ತಗದು ಒಂದು ಬೋರ್ಡ್ ಹಾಕ್ರಿ, ಯಾರು ಏನ್ ಕೇಳಿದ್ರು, ಯಾವ ತಾರೀಖು, ಏನಾತು, ಆಗಲಿಲ್ಲ ಅಂದ್ರ ಯಾಕ ಆಗಲಿಲ್ಲ, ಎಲ್ಲಾ ಅದರ ಮ್ಯಾಲೆ ಬರೀರಿ. 'ಆಗೂದಿಲ್ಲ' ಅಂದ್ರೂ ಮಂದಿ ತಡಕೋತಾರ್ರಿ, ಉತ್ತರಾನ ಇಲ್ಲಂದ್ರ ತಡಕೊಳ್ಳೂದಿಲ್ಲ. ಟೊಯೋಟಾದಾಗ 1951ರಿಂದ ಕೆಲಸಗಾರರ ಸಲಹಾ ತಗೊಳ್ಳೋ ಪದ್ಧತಿ ಐತಿ, ಲೈನಿನ್ಯಾಗ ತೊಂದ್ರಿ ಕಂಡ್ರ ಯಾರ್ ಬೇಕಾದ್ರೂ ಸಹಾಯಕ್ಕ ಕರಿಯೋ ಹಗ್ಗ ಎಳೀಬಹುದು. ಹಗ್ಗ ಎಳದಕೂಡ್ಲೆ ಟೀಮ್ ಲೀಡರ್ ಓಡಿ ಬರ್ತಾನ, ಬೈಲಿಕ್ಕೆ ಅಲ್ರಿ, ಏನಾತು ಅಂತ ನೋಡ್ಲಿಕ್ಕೆ. ಹಗ್ಗ ಎಲ್ರೂ ಕಟ್ಟಬಹುದು, ಓಡಿ ಬರಾವ ಬೇಕಲ್ಲ.

ಮಾಜಿ ಗಾರ್ಮೆಂಟ್ಸ್ ಎಚ್ಆರ್:
ಎಲ್ಲ ಸರಿ, ಆದ್ರೆ ಕೀ ಕೊಟ್ಟು ಬೋರ್ಡ್ ಹಾಕಿದ್ರೆ ಜನ ನಿಂತೇಬಿಡ್ತಾರೆ ಅನ್ನೋದನ್ನ ನಾನು ಒಪ್ಪಲ್ಲ. ಮೊದ್ಲು ಲೆಕ್ಕ ನೆಟ್ಟಗಿದ್ಯಾ? ಓಟಿಗೆ (ಓವರ್‌ಟೈಮ್‌ಗೆ) ಡಬಲ್ ರೇಟ್ ಕೊಡ್ತಿದೀರಾ? ಬೋನಸ್ ಕನಿಷ್ಠ 8.33 ಪರ್ಸೆಂಟ್ ಕಾನೂನಲ್ಲೇ ಇದೆ, ಅದನ್ನ ಓನರ್ ಗಿಫ್ಟ್ ತರ ಭಾಷಣ ಮಾಡಿ ಕೊಟ್ರೆ ಹುಡುಗ್ರು ಒಳಗೊಳಗೇ ನಗ್ತಾರೆ. 2016ರ ಏಪ್ರಿಲ್ ನೆನಪಿದ್ಯಾ, ಪಿಎಫ್ ತೆಗೆಯೋ ರೂಲ್ಸ್ ಬದಲಾಯಿಸಿದ್ರು ಅಂತ ಗಾರ್ಮೆಂಟ್ಸ್ ಹೆಣ್ಮಕ್ಳು ಸಾವಿರಾರು ಜನ ಹೊಸೂರು ರೋಡಿಗೆ ಇಳಿದ್ರಲ್ಲ, ಎರಡೇ ದಿನಕ್ಕೆ ಕೇಂದ್ರ ಸರ್ಕಾರ ರೂಲ್ಸ್ ವಾಪಸ್ ತಗೊಳ್ತು. ಇವ್ರಿಗೇನ್ ಗೊತ್ತಾಗುತ್ತೆ ಅಂದ್ಕೊಂಡಿದ್ದ ಮ್ಯಾನೇಜರ್‌ಗಳೆಲ್ಲ ಅವತ್ತು ಬಾಯಿ ಮೇಲೆ ಬೆರಳಿಟ್ಕೊಂಡಿದ್ರು. ಈಗಂತೂ ಪಿಎಫ್ ಪಾಸ್‌ಬುಕ್ ಫೋನಲ್ಲೇ ಇದೆ, ಒಂದು ತಿಂಗಳು ಕಟ್ಟಿಲ್ಲ ಅಂದ್ರೂ ಊಟದ ಹೊತ್ತಿಗೆ ಶಾಪಿಗೆಲ್ಲ ಗೊತ್ತಾಗಿರುತ್ತೆ. ಇನ್ನೊಂದು, ಬಿಟ್ಟೋದ 6 ಜನಕ್ಕೂ ನೀವೇ ಫೋನ್ ಮಾಡಿ, ವಾಪಸ್ ಬಾ ಅನ್ಬೇಡಿ, ಯಾಕ್ ಬಿಟ್ಟೆ ಅಂತ ಮಾತ್ರ ಕೇಳಿ.

ಪೀಣ್ಯ ಸೆಕೆಂಡ್ ಸ್ಟೇಜ್:
ಎಲ್ರಿಗೂ ಥ್ಯಾಂಕ್ಸ್. ಫೋನ್ ಮಾಡ್ದೆ, ನಾಲ್ಕು ಜನ ಎತ್ತಿದ್ರು. ಇಬ್ರು ದುಡ್ಡಿಗೇ ಹೋಗಿದ್ದು, ನೇರವಾಗಿ ಹೇಳಿದ್ರು. ಒಬ್ಬ ತಂಗಿ ಮದುವೆಗೆ ರಜಾ ಕೇಳಿದ್ನಂತೆ, 'ಆಮೇಲೆ ಹೇಳ್ತೀನಿ' ಅಂದು ನಾನೇ ಮರೆತಿದೀನಿ, ನಂಗೆ ಈಗ್ಲೂ ನೆನಪಾಗ್ತಿಲ್ಲ. ಇನ್ನೊಬ್ಬ 'ಬಿಡಿ ಸಾರ್' ಅಂದು ಇಟ್ಬಿಟ್ಟ. ಓಟಿ ಲೆಕ್ಕ ಓನರ್ ಹತ್ರ ಎತ್ತಿದೀನಿ, ಇನ್ನೂ ಮುಖ ಗಂಟಿಕ್ಕಿದಾರೆ. ಸ್ಟೋರ್ ಕೀ ಮಾತ್ರ ಒಂದು ವಾರ ಟ್ರಯಲ್ ಅಂತ ಒಪ್ಸಿದೀನಿ, ನಿನ್ನೆ ರಾತ್ರಿ ರಿಜಿಸ್ಟರಲ್ಲಿ ಎರಡು ಇನ್ಸರ್ಟ್, ಟೈಮು ಸೈನು ಸಮೇತ. ಕೇಕ್ ಬಿಡಲ್ಲ ಅಂತಿದಾರೆ, ಶಿಫ್ಟ್ ಮುಗಿಯೋ ಅರ್ಧ ಗಂಟೆ ಮುಂಚೆನೇ ಮಾಡೋಣ ಅಂತ ಆಗಿದೆ.