ಪದಚರ್ಚೆ: ‘ಮುನೋರ್ಯೊಕುಶ’ ಎಂಬುದಕ್ಕೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ: ಜಪಾನಿನ ಎನ್‌ಎಚ್‌ಕೆ 2024ರಲ್ಲಿ ಬಿತ್ತರಿಸಿದ ‘ತೊರಾ ನಿ ತ್ಸುಬಾಸಾ’ (ಹುಲಿಗೆ ರೆಕ್ಕೆ) ಧಾರಾವಾಹಿಗೆ ಕನ್ನಡ ಉಪಶೀರ್ಷಿಕೆ ಬರೆಯುವಾಗ ಮೊದಲ ವಾರದಲ್ಲೇ ಒಂದು ಪದ ತಡೆಯುತ್ತದೆ. ಮದುವೆಯಾದ ಹೆಂಗಸು ‘ಮುನೋರ್ಯೊಕುಶ’ ಎಂದು ಕಾನೂನು ತರಗತಿಯಲ್ಲಿ ಹೇಳುತ್ತಾರೆ. ‘ಅನರ್ಹಳು’ ಎನ್ನಬಹುದೇ? ಜೊತೆಗೆ ನಾಯಕಿ ಮಾತುಮಾತಿಗೂ ಹೇಳುವ ‘ಹತೆ?’ ಎಂಬುದಕ್ಕೂ ಒಂದು ಒಳ್ಳೆಯ ಪದ ಬೇಕು.

ಉತ್ತರ: ‘ಅನರ್ಹ’ ಬೇಡ. ಆ ಪದ ಕೇಳಿದರೆ ನಮಗೆ ನೆನಪಾಗುವುದು ಅನರ್ಹಗೊಂಡ ಶಾಸಕರು. ಏನೋ ತಪ್ಪು ಮಾಡಿ ಅರ್ಹತೆ ಕಳೆದುಕೊಂಡವರು ಎಂಬ ಧ್ವನಿ ಅದರಲ್ಲಿದೆ. ಇಲ್ಲಿ ಹೆಂಗಸು ಮಾಡಿದ್ದು ಮದುವೆ ಮಾತ್ರ.

ಪದವನ್ನು ಬಿಡಿಸಿದರೆ ‘ಮು’ ಅಂದರೆ ಇಲ್ಲ, ‘ನೋರ್ಯೊಕು’ ಅಂದರೆ ಸಾಮರ್ಥ್ಯ, ‘ಶ’ ಅಂದರೆ ವ್ಯಕ್ತಿ. 1898ರಲ್ಲಿ ಜಾರಿಗೆ ಬಂದ, ಜಪಾನಿನ ಮೇಜಿ ಚಕ್ರವರ್ತಿಯ ಕಾಲದ ನಾಗರಿಕ ಸಂಹಿತೆಯಲ್ಲಿ ಇದು ಕಾನೂನಿನ ಪಾರಿಭಾಷಿಕ ಪದ. ಅಪ್ರಾಪ್ತ ವಯಸ್ಕರ ಸಾಲಿನಲ್ಲೇ ಹೆಂಡತಿಯನ್ನೂ ಕೂರಿಸಿದ್ದರು. ಸಾಲ ಎತ್ತುವುದು, ಜಾಮೀನು ನಿಲ್ಲುವುದು, ಜಮೀನು ಕೊಳ್ಳುವುದು ಮಾರುವುದು, ದಾವೆ ಹೂಡುವುದು, ಕೂಲಿ ಕರಾರಿಗೆ ಒಪ್ಪುವುದು, ಎಲ್ಲಕ್ಕೂ 14ನೇ ಕಲಮಿನ ಪ್ರಕಾರ ಗಂಡನ ಅನುಮತಿ ಬೇಕಿತ್ತು. ಅನುಮತಿಯಿಲ್ಲದೆ ಮಾಡಿದರೆ ಆ ವ್ಯವಹಾರ ಹುಟ್ಟಿನಿಂದಲೇ ಅಸಿಂಧುವಲ್ಲ, ಆಮೇಲೆ ರದ್ದುಪಡಿಸಲು ಬರುತ್ತಿತ್ತು. ದಿನಸಿ, ತರಕಾರಿಯಂಥ ಮನೆಯ ನಿತ್ಯದ ವ್ಯವಹಾರದಲ್ಲಿ ಮಾತ್ರ ಅವಳು ಗಂಡನ ಪ್ರತಿನಿಧಿ ಎಂದು ಲೆಕ್ಕ. ಇದರಲ್ಲಿ ಚುಚ್ಚುವ ವಿಷಯವೊಂದಿದೆ: ವಯಸ್ಸಿಗೆ ಬಂದ ಅವಿವಾಹಿತೆಗೆ ಈ ಯಾವ ಕಟ್ಟೂ ಇರಲಿಲ್ಲ. ತಾಳಿಯೋ ಉಂಗುರವೋ ಅಲ್ಲ, ಗಂಡನ ಮನೆಯ ‘ಕೊಸೆಕಿ’ ಎಂಬ ಕುಟುಂಬ ದಾಖಲೆಗೆ ಹೆಸರು ಸೇರಿದ ಗಳಿಗೆಯಿಂದ ಇದ್ದ ಸಾಮರ್ಥ್ಯ ಹೋಗುತ್ತಿತ್ತು.

ಈಗ ದೃಶ್ಯ ನೋಡಿ. ತನ್ನ ಮನೆಯಲ್ಲಿ ಬಾಡಿಗೆಗಿರುವ ಯೂಜೊಗೆ ಬುತ್ತಿ ಕೊಡಲು ಬಂದ ನಾಯಕಿ ತೊಮೊಕೊ ಬಾಗಿಲಾಚೆಯಿಂದ ಪಾಠ ಕೇಳಿಸಿಕೊಳ್ಳುತ್ತಾಳೆ. ಒಳಗಿರುವ ಹುಡುಗರಿಗೆ ಅದು ಪರೀಕ್ಷೆಗೆ ಬರುವ ಪದ. ಹೊರಗಿರುವವಳ ಕಿವಿಗೆ ‘ಕೈಲಾಗದವಳು’ ಎಂದು ಬೈದಂತೆ. ಎರಡೂ ಒಂದೇ ಪದದಲ್ಲಿ ಬರಬೇಕು. ನಮ್ಮ ಕಚೇರಿ ಕನ್ನಡದಲ್ಲಿ ‘ಸಕ್ಷಮ ಪ್ರಾಧಿಕಾರ’ ಇರುವುದರಿಂದ ‘ಅಕ್ಷಮ’ ಕಾನೂನಿನ ಮಟ್ಟಿಗೆ ಸರಿಯೇ, ಆದರೆ ಕೇಳಿದವರಿಗೆ ನಾಟುವುದಿಲ್ಲ. ‘ಕಾನೂನು ಸಾಮರ್ಥ್ಯವಿಲ್ಲದವರು’ ಎಂದು ವಿವರಿಸಿದರೆ ಅವಮಾನವೇ ಸೋರಿಹೋಗುತ್ತದೆ. ನನ್ನ ಆಯ್ಕೆ ‘ಅಸಮರ್ಥರು’. ‘ಅಸಮರ್ಥೆ’ ಎಂದು ಸ್ತ್ರೀಲಿಂಗ ಮಾಡಬೇಡಿ. ಮೂಲದಲ್ಲಿ ಲಿಂಗವಿಲ್ಲ, ಅಪ್ರಾಪ್ತ ಹುಡುಗನಿಗೂ ಅದೇ ಪದ. “ವಿವಾಹಿತ ಸ್ತ್ರೀಯರು ಅಸಮರ್ಥರು” ಎಂದು ಪಾಠದ ಧಾಟಿಯಲ್ಲೇ ತಣ್ಣಗೆ ಬರಲಿ.

ಇದರ ಬೆನ್ನಿಗೇ ‘ಹತೆ?’ ಬರುತ್ತದೆ. ‘ಅರೆ!’ ಎಂದರೆ ಬರೀ ಅಚ್ಚರಿ, ‘ಏನಂದ್ರಿ?’ ಎಂದರೆ ಕೇಳಿಸಲಿಲ್ಲ ಎಂದಾಗುತ್ತದೆ ಅಥವಾ ಜಗಳದ ಸುಳಿವು ಕೊಡುತ್ತದೆ. ಅವಳು ಜಗಳಕ್ಕೆ ನಿಂತಿಲ್ಲ, ನಿಜಕ್ಕೂ ಅರ್ಥವಾಗದೆ ಕೇಳುತ್ತಿದ್ದಾಳೆ. ಮಾತಿಗೆ ಸ್ವಲ್ಪ ಹಳೆಯ ಕಾಲದ ಸೊಗಡೂ ಇದೆ. ‘ಅದ್ಹೇಗೆ?’ ಚೆನ್ನಾಗಿ ಕೂರುತ್ತದೆ. ತುಟಿ ಅಲ್ಲಾಡುವಷ್ಟೇ ಹೊತ್ತಿನಲ್ಲಿ ಓದಿಯೂ ಆಗುತ್ತದೆ. ಒಮ್ಮೆ ಹಾಕಿದ ಮೇಲೆ 130 ಕಂತುಗಳಲ್ಲೂ ಅದನ್ನೇ ಉಳಿಸಿ. ಸಂದರ್ಭಕ್ಕೊಂದು ಪದ ಹಾಕಿದರೆ ಅದು ಅವಳದೇ ಮಾತು ಎಂಬ ಗುರುತು ಅಳಿಸಿಹೋಗುತ್ತದೆ.

ಎರಡನೇ ವಾರದ ಕಿಮೊನೊ ಮೊಕದ್ದಮೆಯಲ್ಲಿ ಇನ್ನೂ ಎಚ್ಚರ ಬೇಕು. ಹೆಂಡತಿ ಕೇಳುವ, ಅವಳ ತಾಯಿಯ ನೆನಪಿನ ಕಿಮೊನೊವನ್ನು ಗಂಡ ಕೊಡುವುದಿಲ್ಲ ಎನ್ನುತ್ತಾನೆ. ‘ಹೆಂಡತಿಯ ಆಸ್ತಿ ಗಂಡನದು’ ಎಂದು ಬರೆದರೆ ಕಥೆಯೇ ಕೆಟ್ಟಿತು. ಒಡೆತನ ಅವಳದೇ, ಗಂಡನಿಗಿದ್ದದ್ದು ‘ನಿರ್ವಹಣೆಯ ಹಕ್ಕು’. ಆ ಹಕ್ಕನ್ನು ಹೆಂಡತಿಯನ್ನು ಕಾಡಿಸಲು ಬಳಸಿದ್ದು ‘ಹಕ್ಕಿನ ದುರುಪಯೋಗ’ ಎಂಬ ಆಧಾರದ ಮೇಲೇ ಅವಳು ಗೆಲ್ಲುತ್ತಾಳೆ. ‘ಸ್ತ್ರೀಧನ’ ಎಂಬ ಪದವನ್ನೂ ದೂರವಿಡಿ. ನಮ್ಮಲ್ಲಿ ಅದು ಹೆಣ್ಣಿನ ಪೂರ್ತಿ ಹಿಡಿತದಲ್ಲಿರುವ ಸೊತ್ತು.

ಪ್ರಶ್ನೆ: ಧನ್ಯವಾದ ಸರ್. ‘ಯೊಮೆ’, ‘ತ್ಸುಮಾ’ ಎರಡಕ್ಕೂ ‘ಹೆಂಡತಿ’ ಎಂದೇ ಹಾಕಿದ್ದೇವೆ. ಸರಿಯೇ?

ಉತ್ತರ: ‘ತ್ಸುಮಾ’ ಹೆಂಡತಿ, ಕಾನೂನಿನ ಮಾತಿನಲ್ಲಿ ಬರುವುದು ಇದೇ. ‘ಯೊಮೆ’ ಮನೆಗೆ ಸಂಬಂಧಿಸಿದ ಪದ, ನಮ್ಮ ‘ಸೊಸೆ’. ತೊಮೊಕೊಳ ಗೆಳತಿ ಹಾನಾಎಯ ಕನಸೇ ತೊಮೊಕೊಳ ಅಣ್ಣನನ್ನು ಮದುವೆಯಾಗುವುದು. ಕನಸು ಕೈಗೂಡಿದ ಮೇಲೆ ಅತ್ತೆಯ ಮನೆಯಲ್ಲಿ ಅವಳು ಕುಗ್ಗುವುದು ‘ಯೊಮೆ’ಯಾಗಿ. ಅಲ್ಲಿ ‘ಹೆಂಡತಿ’ ಎಂದರೆ ಗಂಡನ ಮೇಲೆ ಸಿಟ್ಟೇನೋ ಎನಿಸುತ್ತದೆ.

ಇನ್ನೊಂದು ತೊಡಕು ಮುಂದೆ ಬರುತ್ತದೆ. ತೊಮೊಕೊ ವಕೀಲೆಯಾದರೂ ಅವಿವಾಹಿತೆ ಎಂದು ಕಕ್ಷಿದಾರರು ಬರುವುದಿಲ್ಲ. ಅದಕ್ಕೇ ಅವಳು ಮದುವೆಗೆ ಮುಂದಾಗುತ್ತಾಳೆ. ಅವಳು ಹುಡುಕುವುದು ಸಮಾಜದ ‘ಶಿನ್ರಾಯ್’. ‘ಮರ್ಯಾದೆ’ ಎಂದು ಬರೆದರೆ ಮದುವೆಯಾಗದೆ ಮರ್ಯಾದೆ ಹೋಯಿತು ಎಂಬ ಅರ್ಥ ಬಂದುಬಿಡುತ್ತದೆ. ‘ಜನರ ನಂಬಿಕೆ’ ಸಾಕು. ಕಾನೂನಿನ ಕಣ್ಣಲ್ಲಿ ಅಸಮರ್ಥಳನ್ನಾಗಿಸುವ ಮದುವೆಯೇ ವಕೀಲಿಕೆಗೆ ಬೇಕಾದ ನಂಬಿಕೆಯನ್ನು ತಂದುಕೊಡುತ್ತದೆ. ಮೊದಲ ವಾರದಲ್ಲಿ ‘ಅಸಮರ್ಥರು’ ಎಂದು ಗಟ್ಟಿಯಾಗಿ ನಿಲ್ಲಿಸಿದ್ದರೆ ಈ ವೈರುಧ್ಯ ವಿವರಣೆಯಿಲ್ಲದೆ ನೋಡುಗರಿಗೆ ಮುಟ್ಟುತ್ತದೆ.

ಈ ಪಾತ್ರಕ್ಕೆ ಮಾದರಿಯಾದ ಮಿಬುಚಿ ಯೊಶಿಕೊ (1914–1984) ಇನ್ನಿಬ್ಬರು ಹೆಂಗಸರ ಜೊತೆ 1938ರಲ್ಲಿ ಪರೀಕ್ಷೆ ಗೆದ್ದು 1940ರಲ್ಲಿ ವಕೀಲೆಯಾದವರು. ಹೊಸ ಸಂವಿಧಾನ ಬಂದದ್ದು 1947ರ ಮೇ 3ಕ್ಕೆ. ಅದರ 24ನೇ ವಿಧಿ ಮದುವೆಗೆ ಗಂಡು ಹೆಣ್ಣಿಬ್ಬರ ಒಪ್ಪಿಗೆಯಷ್ಟೇ ಆಧಾರ ಎಂದಿತು. ಆಮೇಲಿನ ಕಂತುಗಳಲ್ಲಿ ಯಾರಾದರೂ ‘ಯೊಮೆ’ ಎಂದರೆ ಅದು ಕಾನೂನಲ್ಲ, ಬರೀ ರೂಢಿ. ಆಗಲೂ ‘ಸೊಸೆ’ ಎಂದೇ ಬಿಡಿ, ಬದಲಿಸಬೇಡಿ.