‘ಇನ್ಸುಲಿನ್ ಪ್ರತಿರೋಧ’ಕ್ಕೆ ಬೇರೆ ಮಾತು ಬೇಕಾಗಿದೆ

ಬಲ್ಲವರಿಗೆ ನಮಸ್ಕಾರ. ಕೋಲಾರದಲ್ಲಿ ಹೃದಯದ ತೊಂದರೆ ಇರುವವರಿಗಾಗಿ ಒಂದು ಕನ್ನಡ ಕಿರುಹೊತ್ತಗೆಯನ್ನು ತಿದ್ದುತ್ತಿದ್ದೇನೆ. ಮೂರು ಪದಗಳು ಕಾಡುತ್ತಿವೆ. ಮೊದಲನೆಯದು ‘ಇನ್ಸುಲಿನ್ ಪ್ರತಿರೋಧ’: ರಕ್ತದ ಸಕ್ಕರೆಯನ್ನು ಇಳಿಸುವ ಇನ್ಸುಲಿನ್ ಎಂಬ ಹಾರ್ಮೋನಿನ ಮಾತನ್ನು ಮೈ ಸರಿಯಾಗಿ ಕೇಳದಿರುವುದು.

ಕರಡನ್ನು ಶ್ರೀನಿವಾಸಪುರದ ಕಡೆಯ ಮಾವು ಬೆಳೆಗಾರರೊಬ್ಬರಿಗೆ ಓದಿ ಹೇಳಿದೆ. ‘ಕೆಲವರಲ್ಲಿ ಇನ್ಸುಲಿನ್ ಪ್ರತಿರೋಧ ಹೆಚ್ಚಿರುತ್ತದೆ’ ಎಂಬ ಸಾಲಿಗೆ ಅವರ ಮುಖ ಅರಳಿತು. ‘ಹೆಚ್ಚಿದ್ದರೆ ಒಳ್ಳೆಯದಲ್ಲವೇ ಸ್ವಾಮಿ?’ ಎಂದರು. ಕೊರೋನಾ ಕಾಲದಿಂದ ‘ರೋಗನಿರೋಧಕ ಶಕ್ತಿ’ ಎಲ್ಲರ ಬಾಯಲ್ಲಿದೆ. ಆ ನೆನಪಿನಲ್ಲಿ ಪ್ರತಿರೋಧವೂ ಶಕ್ತಿಯಾಗಿಯೇ ಕೇಳಿಸಿತು. ‘ಇನ್ಸುಲಿನ್ ಸೂಕ್ಷ್ಮತೆ ಕಡಿಮೆ’ ಎಂದು ತಿದ್ದಿದರೂ ಅದೇ ಪಾಡು. ಸೂಕ್ಷ್ಮದ ಮೈ ಎಂದರೆ ನಮ್ಮಲ್ಲಿ ಬೇಗ ಕಾಯಿಲೆ ಬೀಳುವ ಮೈ. ಅದು ಕಡಿಮೆಯಾದರೆ ಸಂತೋಷ ತಾನೇ?

ಪದ ಹೇಳಬೇಕಾದದ್ದು ಇಷ್ಟು. ಬರಿಹೊಟ್ಟೆಯಲ್ಲಿ ಇಬ್ಬರ ರಕ್ತದ ಸಕ್ಕರೆಯೂ 99 ಇದೆ ಎನ್ನಿ. ಒಬ್ಬರ ಇನ್ಸುಲಿನ್ 5, ಇನ್ನೊಬ್ಬರದು 18. ಒಬ್ಬೊಬ್ಬರ ಸಕ್ಕರೆಯನ್ನು ಅವರವರ ಇನ್ಸುಲಿನ್‌ನಿಂದ ಗುಣಿಸಿ 405ರಿಂದ ಭಾಗಿಸುವುದು ಈ ಪ್ರತಿರೋಧವನ್ನು ಅಳೆಯುವ ವೈದ್ಯರ ಒಂದು ಲೆಕ್ಕ. ಮೊದಲನೆಯವರಿಗೆ 1.2, ಎರಡನೆಯವರಿಗೆ 4.4 ಬರುತ್ತದೆ. ಸಕ್ಕರೆಯ ಅಂಕಿ ಒಂದೇ ಆದರೂ, ಅಷ್ಟೇ ಕೆಲಸಕ್ಕೆ ಎರಡನೆಯವರ ಮೈಯನ್ನು ಇನ್ಸುಲಿನ್ ಮೂರು ನಾಲ್ಕು ಸಲ ಕೂಗಬೇಕಾಗಿದೆ. ಹೀಗೆ ಬಿಡಿಸಿ ಹೇಳುವಾಗ ನನಗೆ ‘ಓಗೊಡು’ ಹೊಳೆಯಿತು. ‘ನಿಮ್ಮ ಮೈ ಇನ್ಸುಲಿನ್‌ಗೆ ಸರಿಯಾಗಿ ಓಗೊಡುತ್ತಿಲ್ಲ’ ಎಂದಾಗ ಆ ಬೆಳೆಗಾರರ ಮನೆಯವರು ಥಟ್ಟನೆ, ‘ಹಾಗಾದರೆ ಮೈ ಮೊಂಡು ಬಿದ್ದಿದೆ ಎನ್ನಿ’ ಎಂದರು. ಎಷ್ಟು ಗಟ್ಟಿ ಮಾತು! ಆದರೆ ಅಚ್ಚು ಹಾಕಲು ಹಿಂಜರಿಯುತ್ತೇನೆ. ಮೊಂಡು ಎಂದೊಡನೆ ತಪ್ಪು ರೋಗಿಯ ತಲೆಗೇ ಕಟ್ಟಿದಂತಾಗುತ್ತದೆ.

ಎರಡನೆಯದು ಆಂಜೈನಾ, ಅಂದರೆ ಹೃದಯದ ಸ್ನಾಯುವಿಗೆ ರಕ್ತ ಸಾಲದೆ ಎದೆಯಲ್ಲಿ ಆಗುವ ನೋವು. ‘ಎದೆಶೂಲೆ’ ಎಂದು ಬರೆಯುವ ರೂಢಿಯಿದೆ. ಶೂಲೆ ಎಂದರೆ ಇರಿತ, ಚುಚ್ಚು. ಈ ರೋಗಿಗಳು ಹೇಳುವುದು ‘ಎದೆ ಹಿಡಿದ ಹಾಗೆ, ಕಲ್ಲು ಹೇರಿದ ಹಾಗೆ’ ಎಂದು. ಇಲ್ಲಿ ಮನೆಯಲ್ಲಿ ತೆಲುಗಾಡುವವರೂ ‘ಪಟ್ಟೇಸಿಂದಿ’ ಎನ್ನುತ್ತಾರೆ, ಅದೂ ಹಿಡಿತವೇ. 1768ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ಈ ಕಾಯಿಲೆಗೆ ಹೆಸರಿಡುವಾಗ ಆರಿಸಿಕೊಂಡ ಲ್ಯಾಟಿನ್ ಮಾತಿನ ಬೇರಿನಲ್ಲಿಯೂ ಇರುವುದು ಹಿಸುಕು, ಉಸಿರುಗಟ್ಟಿಸು ಎಂಬ ಅರ್ಥ. ಆದ್ದರಿಂದ ‘ಎದೆಬಿಗಿತ’ ಎಂದೇ ಬರೆದಿದ್ದೇನೆ. ಚುಚ್ಚಲಿಲ್ಲವಲ್ಲ, ಗ್ಯಾಸ್ಟ್ರಿಕ್ ಇರಬೇಕು ಎಂದುಕೊಂಡು ಯಾರೂ ಮನೆಯಲ್ಲಿ ಕೂರಬಾರದು.

ಮೂರನೆಯದು ರಕ್ತಪರೀಕ್ಷೆಯ ‘ಸೂಚಕ’, ಇಂಗ್ಲಿಷಿನ ‘ಮಾರ್ಕರ್’. ಟ್ರೊಪೋನಿನ್ ಹೃದಯದ ಸ್ನಾಯುವಿನೊಳಗಿರುವ ಪ್ರೋಟೀನ್. ಸ್ನಾಯುವಿಗೆ ಪೆಟ್ಟಾದಾಗ ಅದು ರಕ್ತಕ್ಕೆ ಸೋರುತ್ತದೆ. ಏರಲು ಕೆಲವು ಗಂಟೆ ಹಿಡಿಯುವುದರಿಂದ ಪರೀಕ್ಷೆಯನ್ನು ಮತ್ತೆ ಮಾಡುವುದುಂಟು. ಸೂಚಕ ಎಂದರೆ ಜನ ಮುನ್ಸೂಚನೆ ಎಂದು ತಿಳಿಯುತ್ತಾರೆ. ಟ್ರೊಪೋನಿನ್ ಹೇಳುವುದು ಆಗಿಹೋದ, ಆಗುತ್ತಿರುವ ಪೆಟ್ಟನ್ನು. ಅದಕ್ಕೆ ‘ಕುರುಹು’ ಸರಿ ಎನಿಸುತ್ತದೆ. ಉರಿಯೂತದಲ್ಲಿ ರಕ್ತದಲ್ಲಿ ಏರುವ ಸಿಆರ್‌ಪಿ ಎಂಬ ಪ್ರೋಟೀನ್‌ನಂಥದ್ದಕ್ಕೆ ‘ಸುಳಿವು’ ಸಾಕು. ಒಂದೇ ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಎರಡು ಬಳಸಿದರೆ ತಪ್ಪೇ?

ತುಮಕೂರು, ಚಿಕ್ಕಬಳ್ಳಾಪುರ ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮಲ್ಲಿ ‘ಓಗೊಡು’ ದಿನಬಳಕೆಯಲ್ಲಿ ಉಳಿದಿದೆಯೇ, ಇಲ್ಲವೇ ಹಿರಿಯರು ‘ಓ ಎನ್ನು’ ಎಂದಷ್ಟೇ ಹೇಳುತ್ತಾರೆಯೇ? ಮೊಂಡಿನಷ್ಟೇ ಗಟ್ಟಿಯಾದ, ಆದರೆ ದೂರದ ಮಾತೊಂದು ಯಾರಿಗಾದರೂ ಹೊಳೆದರೆ ಅದನ್ನೂ ಬರೆಯಿರಿ. ದೂರದ ಎಂದರೆ ರೋಗಿಯನ್ನು ದೂರದ, ತಪ್ಪು ಹೊರಿಸದ ಮಾತು.